ಮೆಲುದನಿಗೆ ಜಾಗ ಬಿಡಿ

ಕಳೆದ ವರ್ಷ ನಮ್ಮ ವಿಭಾಗದ ಜಾನಪದ ಸಂಗ್ರಹಕಾರ್ಯಕ್ಕಾಗಿ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯಿಂದ ಒಂಬತ್ತು ಬೀಸುವ ಪದಗಳನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡು ಬಂದಳು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಬೀಸುಕಲ್ಲು ಬಳಕೆ ತಪ್ಪಿ ಎಷ್ಟೋ ವರ್ಷಗಳಾಗಿದ್ದರೂ ಕಲ್ಲಿಲ್ಲದೆ ಪದ ಬಾರದೆಂದು ಅಜ್ಜಿ ಹಟ ಹಿಡಿದು ಅದನ್ನು ಮೂಲೆಯಿಂದ ತೆಗೆಸಿದ್ದರು. ಆ ಮುದ್ರಣದಲ್ಲಿ ಕಲ್ಲಿನ ಗರಗರ ಸದ್ದು ಹಿಂದೆ ಇದೆ, ದನಿ ಮುಂದೆ ಇದೆ. ತವರಿನ ಮಾತು ಬಂದಾಗ ದನಿ ಇಳಿಯುತ್ತದೆ, ಕೈ ನಿಧಾನವಾಗುತ್ತದೆ, ಕಲ್ಲಿನ ಸದ್ದೂ ತಗ್ಗುತ್ತದೆ. ಒಂದು ಪದದ ನಡುವೆ ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಹೊರಗೆಲ್ಲೋ ಒಂದು ಕೋಳಿ ಮಾತ್ರ. ತರಗತಿಯಲ್ಲಿ ಅದನ್ನು ಕೇಳಿಸಿದಾಗ ನಲವತ್ತು ಮಂದಿ ಉಸಿರು ಬಿಗಿಹಿಡಿದು ಕುಳಿತದ್ದು ನಿಮ್ಮಲ್ಲಿ ಹಲವರಿಗೆ ನೆನಪಿದೆ.

ಅನಂತರ ಆದದ್ದು ನಿಮಗೆಲ್ಲ ತಿಳಿದಿಲ್ಲ. ಜಾತ್ರೆಗಳಲ್ಲಿ ಹಾಡುಗಳ ಪೆನ್‌ಡ್ರೈವ್ ಮಾರುವ ವ್ಯಾಪಾರಿಯೊಬ್ಬರು ಆ ಮನೆಯವರ ಒಪ್ಪಿಗೆ ಪಡೆದು ನಾಲ್ಕು ಪದಗಳನ್ನು ಬಿಡುಗಡೆ ಮಾಡಿದರು. ಕೀಬೋರ್ಡ್, ರಿದಮ್‌ಪ್ಯಾಡ್ ಸೇರಿದವು. ಅದು ಅವರ ಇಷ್ಟ. ಅದನ್ನು ನಾನು ದೂರುವುದಿಲ್ಲ. ಆದರೆ ಕಲ್ಲು, ದನಿ, ಉಸಿರು, ಕೋಳಿ, ಕೀಬೋರ್ಡ್ ಎಲ್ಲವೂ ಒಂದೇ ಎತ್ತರಕ್ಕೆ ಬಂದು ನಿಂತವು. ಇಳಿಯುತ್ತಿದ್ದ ದನಿ ಇಳಿಯಲಿಲ್ಲ. ಮೊಮ್ಮಗಳು ಕೇಳಿಸಿದಾಗ ಅಜ್ಜಿ ಅಂದದ್ದು ಇಷ್ಟೇ: “ನಾ ಯಾಕ ಹಿಂಗ ಒದರಲಾಕತ್ತೀನಿ? ಯಾರ ಜೋಡಿ ಜಗಳಾ ಬಂದಿತ್ತ ನನಗ?”

ಹಳ್ಳಿಯ ಮುದುಕಿಯೊಬ್ಬಳ ಈ ಆಕ್ಷೇಪಣೆಯನ್ನು ವಯಸ್ಸಿನ ಲಕ್ಷಣವೆಂದು ತಳ್ಳಿಹಾಕುವವರಿಗೆ ನಾನೊಂದು ಪ್ರಸಂಗವನ್ನು ನೆನಪಿಸಬೇಕು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಎಂಬ ಆಲ್ಬಮ್ ಬಿಡುಗಡೆಯಾಯಿತು. ಲೋಕದ ಅತ್ಯಂತ ಗದ್ದಲದ ಸಂಗೀತಪ್ರಕಾರಗಳಲ್ಲಿ ಹೆವಿಮೆಟಲ್ ಒಂದು. ಅದನ್ನು ಕೊಂಡು ಕೇಳುವವರು ಬಹುಪಾಲು ತರುಣರು. ಆ ತರುಣರೇ ಈ ಆಲ್ಬಮ್ಮಿನ ದನಿ ಸಹಿಸಲಾಗದಷ್ಟು ಗಟ್ಟಿಯಾಗಿದೆ, ಒಡೆದಿದೆ, ಇದನ್ನು ಮತ್ತೆ ಸರಿಯಾಗಿ ಸಿದ್ಧಪಡಿಸಿ ಕೊಡಿ ಎಂದು ಮನವಿ ಬರೆದರು. 10,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅವರ ಕೈಯಲ್ಲಿ ಸಾಕ್ಷಿಯೂ ಇತ್ತು: ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲಿಯೂ ಬಂದಿದ್ದವು, ಮತ್ತು ಅಲ್ಲಿ ಅವು ಇಷ್ಟು ಹಿಂಡಿಹೋಗಿರಲಿಲ್ಲ. ಮಕ್ಕಳ ಆಟದೊಳಗಿನ ಹಾಡು ಅಂಗಡಿಯಲ್ಲಿ ಕೊಂಡ ತಟ್ಟೆಗಿಂತ ಚೆನ್ನಾಗಿತ್ತು! ಅಂತಿಮ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರು ತಮ್ಮ ಬಳಿಗೆ ಬರುವಾಗಲೇ ಅದು ಹಾಗಿತ್ತೆಂದು ಹೇಳಿದರು. ತಂಡದವರು ತಮ್ಮ ಧ್ವನಿಯನ್ನು ಸಮರ್ಥಿಸಿಕೊಂಡರು.

ಇಲ್ಲಿ ನಡೆಯುವ ತಂತ್ರವನ್ನು ಸ್ವಲ್ಪ ವಿವರಿಸುವುದು ಅಗತ್ಯ. ದನಿಯನ್ನು ಹೆಚ್ಚಿಸುವುದು ಬೇರೆ, ದನಿಗಳ ನಡುವಣ ಅಂತರವನ್ನು ಅಳಿಸುವುದು ಬೇರೆ. ಮೊದಲನೆಯದನ್ನು ಕೇಳುಗನು ತನ್ನ ಬೆರಳಿನಿಂದ ಮಾಡಿಕೊಳ್ಳಬಲ್ಲ. ಎರಡನೆಯದು ಸ್ಟುಡಿಯೋದಲ್ಲಿಯೇ ಆಗಿಹೋಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ಸುಮಾರು 96 ಡೆಸಿಬಲ್‌ಗಳ ಅಂತರವಿರಬಹುದು. ಹಳೆಯ ತಟ್ಟೆಗಳಿಗೆ ಕನಸಿನಲ್ಲೂ ಸಿಗದಿದ್ದ ವಿಸ್ತಾರ ಅದು. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ಛಾವಣಿಯಿದೆ. ಅದರಾಚೆಗೆ ಒಂದು ಕೂದಲೆಳೆಯಷ್ಟೂ ಹೋಗಲಾಗದು. ಛಾವಣಿಯನ್ನು ಎತ್ತಲಾಗದಿದ್ದಾಗ ಪಕ್ಕದವನ ಹಾಡಿಗಿಂತ ನಮ್ಮ ಹಾಡು ಗಟ್ಟಿಯಾಗಿ ಕೇಳಿಸಬೇಕಾದರೆ ಮಾಡುವುದೇನು? ನೆಲವನ್ನೇ ಎತ್ತುವುದು. ಎತ್ತರದ ಸದ್ದುಗಳ ನೆತ್ತಿಯನ್ನು ತಟ್ಟಿ ಕೂರಿಸಿ, ಕೆಳಗಿನ ಸದ್ದುಗಳನ್ನೆಲ್ಲ ಮೇಲಕ್ಕೆ ನೂಕುವುದು. ಈ ಕೆಲಸ ಮಾಡುವ ಸಾಧನಗಳಿಗೆ ಕಂಪ್ರೆಸರ್, ಲಿಮಿಟರ್ ಎಂದು ಹೆಸರು. (ಹಾಡಿನ ಕಡತವನ್ನು ಎಂಪಿ3 ಆಗಿ ಚಿಕ್ಕದು ಮಾಡುವ ಕಂಪ್ರೆಶನ್ ಬೇರೆ, ಎರಡನ್ನೂ ಗೊಂದಲಗೊಳಿಸಬಾರದು.) ಬರಲಿರುವ ಸದ್ದನ್ನು ಮೊದಲೇ ಅಳೆದು ತಗ್ಗಿಸುವ ಡಿಜಿಟಲ್ ಲಿಮಿಟರ್‌ಗಳು 1990ರ ದಶಕದಲ್ಲಿ ಸ್ಟುಡಿಯೋಗಳಿಗೆ ಬಂದ ಮೇಲೆ ಈ ಮೇಲಾಟಕ್ಕೆ ಎಲ್ಲೆಯಿಲ್ಲದಂತಾಯಿತು. ಅದನ್ನು ಗಟ್ಟಿದನಿಯ ಸಮರವೆಂದು ಕರೆಯುತ್ತಾರೆ.

ಸಮರದ ಬೀಜ ಇನ್ನೂ ಹಳೆಯದು. ಅಮೆರಿಕದ ಹೋಟೆಲುಗಳಲ್ಲಿ ಜೂಕ್‌ಬಾಕ್ಸ್ ಇದ್ದ ಕಾಲಕ್ಕೆ ಅದರ ದನಿಯ ಮಟ್ಟವನ್ನು ಮಾಲೀಕ ಒಮ್ಮೆ ಗೊತ್ತುಮಾಡಿಬಿಡುತ್ತಿದ್ದ. ಹಾಗಾಗಿ ಗಟ್ಟಿಯಾಗಿ ಕೊರೆದ ತಟ್ಟೆ ಉಳಿದವುಗಳಿಗಿಂತ ಎದ್ದು ಕೇಳುತ್ತಿತ್ತು. ಆದರೆ ಆ ತಟ್ಟೆಗಳಿಗೆ ಮೈಯೆಂಬುದಿತ್ತು: ದನಿ ಹೆಚ್ಚಿಸಿದಷ್ಟೂ ಗೆರೆ ಅಗಲವಾಗಿ ಹಾಡಿನ ಅವಧಿ ಕುಗ್ಗುತ್ತಿತ್ತು, ಮುಳ್ಳು ಜಿಗಿಯುತ್ತಿತ್ತು. ವಸ್ತುವೇ ದುರಾಸೆಗೆ ಮಿತಿ ಹಾಕುತ್ತಿತ್ತು. ಸಂಖ್ಯೆಗಳಿಗೆ ಅಂಥ ಮೈಯಿಲ್ಲ.

ನಮ್ಮ ಕಿವಿಯೂ ಈ ವ್ಯಾಪಾರದಲ್ಲಿ ಪಾಲುದಾರನೇ. ಒಂದೇ ಹಾಡಿನ ಎರಡು ಪ್ರತಿಗಳನ್ನು ಒಂದರ ಹಿಂದೊಂದು ಕೇಳಿಸಿದರೆ ತುಸು ಗಟ್ಟಿಯಾಗಿರುವುದನ್ನೇ ನಾವು ಚೆನ್ನಾಗಿದೆ ಎನ್ನುತ್ತೇವೆ. ಸಣ್ಣ ದನಿಯಲ್ಲಿ ಮಂದ್ರದ ಮತ್ತು ತಾರದ ಸದ್ದುಗಳು ಕಿವಿಗೆ ಕಡಿಮೆ ಮುಟ್ಟುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದರು. ಮೊದಲ ಅರ್ಧ ನಿಮಿಷ ನಮ್ಮನ್ನು ಗೆಲ್ಲುವ ಆ ಹಾಡು ಅರ್ಧ ಗಂಟೆಯಲ್ಲಿ ದಣಿಸುತ್ತದೆ. ನನ್ನ ಅನುಭವವನ್ನೇ ಹೇಳುವುದಾದರೆ, ಹಿಂದೂಸ್ತಾನಿ ಗಾಯಕರೊಬ್ಬರ ಒಂದೇ ಗಾಯನದ ಕ್ಯಾಸೆಟ್ಟೂ ಮುಂದೆ ಬಂದ ಸಿಡಿಯೂ ನನ್ನಲ್ಲಿವೆ. ಕ್ಯಾಸೆಟ್ಟಿನಲ್ಲಿ ಟೇಪಿನ ಸುಯ್‌ಸದ್ದಿದೆ, ಆದರೂ ಷಡ್ಜ ದೂರದಿಂದ ನಡೆದು ಬರುತ್ತದೆ. ಸಿಡಿಯಲ್ಲಿ ಷಡ್ಜ ಮೊದಲ ಕ್ಷಣದಲ್ಲಿಯೇ ಬಾಗಿಲಲ್ಲಿ ನಿಂತಿದೆ; ಇಪ್ಪತ್ತು ನಿಮಿಷಗಳಾದ ಮೇಲೆ ಬರುವ ತಾನು ಅಲ್ಲಿಂದ ಎಲ್ಲಿಗೂ ಹೋಗಲು ಜಾಗವಿಲ್ಲ. ನಾನು ಹುಟ್ಟಿದ್ದು ಕನ್ನಡ ಮನೆಯಲ್ಲಿ; ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ. ಮನೆಯ ರೇಡಿಯೋದ ಮುಳ್ಳನ್ನು ತಿರುಗಿಸಿದರೆ ಗುಲಬರ್ಗಾದ ಕನ್ನಡ, ಇನ್ನಷ್ಟು ತಿರುಗಿಸಿದರೆ ಪುಣೆಯ ಮರಾಠಿ. ಭೀಮಸೇನ ಜೋಶಿಯವರ ಅಭಂಗವನ್ನೂ ದಾಸರ ಪದವನ್ನೂ ಒಂದೇ ಕಿವಿಯಿಂದ ಕೇಳಿ ಬೆಳೆದವನಿಗೆ ಏರುದನಿಯ ಬೆಲೆ ಗೊತ್ತಿಲ್ಲವೆಂದಲ್ಲ. ಏರಲು ಕೆಳಗೊಂದು ಮೆಟ್ಟಿಲು ಬೇಕಷ್ಟೆ.

ಛಂದಸ್ಸು ಓದಿದ ನಿಮಗೆ ಇದನ್ನು ಬೇರೆ ರೀತಿಯಲ್ಲಿಯೂ ಹೇಳಬಹುದು. ಒಂದು ಪದ್ಯದ ಲಘುಗಳನ್ನೆಲ್ಲ ಯಾರೋ ಗುರುಗಳನ್ನಾಗಿ ತಿದ್ದಿಬಿಟ್ಟರೆ ಅಕ್ಷರಗಳು ಎಲ್ಲವೂ ಉಳಿದಿರುತ್ತವೆ. ಓಟ ಮಾತ್ರ ಇರುವುದಿಲ್ಲ. (ಕಾವ್ಯಮೀಮಾಂಸೆಯ ‘ಧ್ವನಿ’ಯನ್ನು ಇಲ್ಲಿಗೆ ಎಳೆತರುವ ಆಸೆಯನ್ನು ಪ್ರಯತ್ನಪೂರ್ವಕ ತಡೆದುಕೊಂಡಿದ್ದೇನೆ. ಪರೀಕ್ಷೆಯಲ್ಲಿ ನೀವೂ ತಡೆದುಕೊಳ್ಳಿ.)

ಮೆಟಾಲಿಕಾದ ಕೇಳುಗರು ಒಂಟಿಯಾಗಿರಲಿಲ್ಲ. ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ 1999ರ ಆಲ್ಬಮ್ಮಿನ ಬಗೆಗೂ ಇಂಥದೇ ಮನವಿ ಹುಟ್ಟಿತ್ತು. ಅಮೆರಿಕದ ಕೆಲವು ಸಂಗೀತಗಾರರು, ತಂತ್ರಜ್ಞರು ಸೇರಿ ‘ಟರ್ನ್ ಮಿ ಅಪ್’ ಎಂಬ ಸಂಘಟನೆ ಕಟ್ಟಿದರು. ದನಿ ಸಣ್ಣದೆನಿಸಿದರೆ ನೀವೇ ಗುಂಡಿ ತಿರುಗಿಸಿಕೊಳ್ಳಿ ಎಂಬುದು ಆ ಹೆಸರಿನ ಭಾವ. ಇಂಗ್ಲೆಂಡಿನ ಇಯಾನ್ ಶೆಫರ್ಡ್ 2010ರಲ್ಲಿ ‘ಡೈನಾಮಿಕ್ ರೇಂಜ್ ಡೇ’ ಎಂಬ ದಿನಾಚರಣೆಯನ್ನು ಆರಂಭಿಸಿದರು. ಕಲಾವಿದರೂ ಕಿವಿಗೊಟ್ಟರು. ಕೆನಡಾದ ರಷ್ ತಂಡ ತನ್ನ 2002ರ ‘ವೇಪರ್ ಟ್ರೇಲ್ಸ್’ ಆಲ್ಬಮ್ಮಿನ ದನಿಯ ಬಗ್ಗೆ ತಾನೇ ಅತೃಪ್ತಿಗೊಂಡು 2013ರಲ್ಲಿ ಅದನ್ನು ಪೂರ್ತಿ ಮರುಮಿಶ್ರಣ ಮಾಡಿಸಿ ಹೊರತಂದಿತು. ಅದೇ ವರ್ಷ ನೈನ್ ಇಂಚ್ ನೈಲ್ಸ್ ತಂಡ ಒಂದೇ ಆಲ್ಬಮ್ಮಿಗೆ ಎರಡು ಮಾಸ್ಟರಿಂಗ್ ಮಾಡಿಸಿ, ಹೆಚ್ಚು ಏರಿಳಿತವಿರುವುದನ್ನು ಬೇಕೆಂದವರಿಗೆ ಪ್ರತ್ಯೇಕವಾಗಿ ಕೊಟ್ಟಿತು.

ಆದರೆ ಉತ್ತಮ ಧ್ವನಿಯ ಹೆಸರಿನಲ್ಲಿ ನಡೆದ ಎಲ್ಲ ಚಳವಳಿಗಳಿಗೂ ನಾನು ತಲೆದೂಗಲಾರೆ. ಗಾಯಕ ನೀಲ್ ಯಂಗ್ 2014ರಲ್ಲಿ ‘ಪೋನೋ’ ಎಂಬ ಯಂತ್ರಕ್ಕಾಗಿ ಜನರಿಂದ 60 ಲಕ್ಷ ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿದರು. ಯಂತ್ರದ ಬೆಲೆ 399 ಡಾಲರ್. ಸಿಡಿಯದು 16 ಬಿಟ್, ನಮ್ಮದು 24 ಬಿಟ್. ಸಿಡಿಯದು ಸೆಕೆಂಡಿಗೆ 44,100 ಮಾದರಿಗಳು, ನಮ್ಮದು 1,92,000 ಎಂಬುದು ಅದರ ಹೆಮ್ಮೆ. 2017ರ ಹೊತ್ತಿಗೆ ಪೋನೋ ಮುಗಿದಿತ್ತು. ಅವರ ಕಾಳಜಿ ಪ್ರಾಮಾಣಿಕವಾದುದು. ರೋಗನಿದಾನ ತಪ್ಪಿತ್ತೆಂದು ನನ್ನ ಅಭಿಪ್ರಾಯ. 96 ಡೆಸಿಬಲ್‌ಗಳ ಹಗೇವನ್ನು ಕೊಟ್ಟರೆ ಅದರ ಬಾಯಿಯ ಬಳಿ ನಾಲ್ಕು ಬೊಗಸೆ ಜೋಳ ಇಟ್ಟವನಿಗೆ ಇನ್ನೂ ದೊಡ್ಡ ಹಗೇವು ಕೊಟ್ಟು ಏನು ಪ್ರಯೋಜನ? ಅಂಕಿಗಳನ್ನು ಕೊಡುವುದು ಕಂಪನಿಗಳಿಗೆ ಸುಲಭ: 2021ರಲ್ಲಿ ಆಪಲ್ ತನ್ನ ಸಂಗೀತಸೇವೆಯಲ್ಲಿ ನಷ್ಟವಿಲ್ಲದ ಕಡತಗಳನ್ನು ಹೆಚ್ಚಿನ ಹಣವಿಲ್ಲದೆಯೇ ಕೊಡತೊಡಗಿತು. ಹಿಂಡಿದ ಹಾಡು ಈಗ ಒಂದಿಷ್ಟೂ ನಷ್ಟವಿಲ್ಲದೆ, ಹಿಂಡಿದ ಹಾಗೆಯೇ ನಮ್ಮ ಕಿವಿಗೆ ಬರುತ್ತದೆ.

ಸಮರವನ್ನು ನಿಜವಾಗಿ ತಣಿಸಿದ್ದು ಮನವಿಪತ್ರಗಳಿಗಿಂತ ಹೆಚ್ಚಾಗಿ ಒಂದು ಅಳತೆಗೋಲು. ಸದ್ದು ಮನುಷ್ಯನ ಕಿವಿಗೆ ಎಷ್ಟು ಗಟ್ಟಿಯೆನಿಸುತ್ತದೆ ಎಂಬುದನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂತು. ಅದನ್ನು ಆಧರಿಸಿ 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಕಾರ್ಯಕ್ರಮಗಳಿಗೂ ಜಾಹೀರಾತುಗಳಿಗೂ ಒಂದೇ ಸರಾಸರಿ ಮಟ್ಟವನ್ನು ಗೊತ್ತುಪಡಿಸಿತು. ಈಗ ಸ್ಪಾಟಿಫೈ, ಯೂಟ್ಯೂಬ್ ಮುಂತಾದವು ಗಟ್ಟಿಯಾಗಿ ಬಂದ ಹಾಡನ್ನು ತಾವೇ ತಗ್ಗಿಸಿ ನುಡಿಸುತ್ತವೆ. ಒದರಿದವನಿಗೆ ಸಿಗುತ್ತಿದ್ದ ಬಹುಮಾನ ನಿಂತಿತು. 2013ರಲ್ಲಿಯೇ ಬಾಬ್ ಕಾಟ್ಜ್ ಎಂಬ ಹಿರಿಯ ಮಾಸ್ಟರಿಂಗ್ ತಂತ್ರಜ್ಞರು ಸಮರ ಗೆದ್ದಿತೆಂದು ಸಾರಿದ್ದರು. ನನಗೆ ಅಷ್ಟು ಧೈರ್ಯವಿಲ್ಲ. ಸೇವೆಗಳು ತಗ್ಗಿಸುವುದು ಇಡೀ ಹಾಡನ್ನು. ಹಾಡಿನೊಳಗೆ ಅಳಿಸಿಹೋದ ಏರಿಳಿತವನ್ನು ಅವು ಮರಳಿಸಲಾರವು. ಪೆನ್‌ಡ್ರೈವಿಗೂ ಜಾತ್ರೆಯ ಸ್ಪೀಕರಿಗೂ ಆ ಅಳತೆಗೋಲು ತಲುಪಿಯೂ ಇಲ್ಲ.

ಬಸ್ಸಿನಲ್ಲಿ, ಟ್ರ್ಯಾಕ್ಟರಿನ ಮೇಲೆ ಹಾಡು ಕೇಳುವವನಿಗೆ ಮೆಲುದನಿ ಕೇಳಿಸುವುದಾದರೂ ಹೇಗೆ ಎಂದು ಆ ವ್ಯಾಪಾರಿ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಕಂಪ್ರೆಶನ್ ಪಾಪವಲ್ಲ, ಹದವಾಗಿ ಬಳಸಿದಲ್ಲಿ ಅದು ಹಾಡುಗಾರನ ಮಾತನ್ನು ಸ್ಪಷ್ಟಗೊಳಿಸುತ್ತದೆ, ಕುಣಿತದ ಹಾಡಿಗೆ ಅದು ಬೇಕೂ ಬೇಕು. ಗದ್ದಲದಲ್ಲಿ ಕೇಳುವವನಿಗಾಗಿ ನುಡಿಸುವ ಯಂತ್ರವೇ ಆ ಕ್ಷಣಕ್ಕೆ ಏರಿಳಿತವನ್ನು ಕುಗ್ಗಿಸಿಕೊಡಬಲ್ಲದು. ಅದರ ವಿಲೋಮ ಸಾಧ್ಯವಿಲ್ಲ. ಜೋಳದಿಂದ ಹಿಟ್ಟು ಯಾವಾಗ ಬೇಕಾದರೂ ಆದೀತು. ಹಿಟ್ಟಿನಿಂದ ಜೋಳ ಆಗದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಕ್ಕೆ ಈ ಮಾತು ಹೆಚ್ಚು ತಾಗುತ್ತದೆ. ಮೆಟಾಲಿಕಾದ ಮೂಲ ಟೇಪುಗಳು ಎಲ್ಲೋ ಭದ್ರವಾಗಿವೆ. ನಾಳೆ ಬೇಕಾದರೆ ಮತ್ತೆ ಮಾಡಬಹುದು. ನಮ್ಮ ಬೀಸುವ ಪದಕ್ಕೆ, ಚೌಡಿಕೆ ಪದಕ್ಕೆ, ಮೊಹರಮ್ಮಿನ ರಿವಾಯತಕ್ಕೆ ಮೂಲವೆಂದರೆ ಒಬ್ಬಳು ವಿದ್ಯಾರ್ಥಿನಿಯ ಮೊಬೈಲು. ಅದು ಕಳೆದರೆ ಜಾತ್ರೆಯ ಪೆನ್‌ಡ್ರೈವೇ ದಾಖಲೆಯಾಗುತ್ತದೆ, ಮತ್ತು ಮುಂದಿನವರು ನಮ್ಮ ಅಜ್ಜಿಯರು ಹೀಗೆಯೇ ಒದರುತ್ತಿದ್ದರೆಂದು ನಂಬುತ್ತಾರೆ.

ಆದುದರಿಂದ ಆ ವ್ಯಾಪಾರಿಗೆ ಒಂದು ಪತ್ರ ಬರೆದಿದ್ದೇನೆ. ಅಜ್ಜಿಯ ಪದಗಳನ್ನು ಮೂಲದಲ್ಲಿದ್ದಂತೆಯೇ, ವಾದ್ಯವಿಲ್ಲದೆ, ಹಿಂಡದೆ, ಅದೇ ಪೆನ್‌ಡ್ರೈವಿನಲ್ಲಿ ಇನ್ನೊಂದು ಕಡತವಾಗಿ ಸೇರಿಸಿರಿ ಎಂಬುದು ಅದರ ಮುಖ್ಯ ಕೋರಿಕೆ. ಮುಂದಿನ ಬಿಡುಗಡೆಗೆ ಮುನ್ನ ಹಾಡಿದವರಿಗೆ ಒಮ್ಮೆ ಕೇಳಿಸಿ ಒಪ್ಪಿಗೆ ಪಡೆಯಿರಿ ಎಂಬುದೂ ಇದೆ. ಅವರು ಓದುವುದು ಮರಾಠಿಯಾದ್ದರಿಂದ ಪತ್ರ ಎರಡೂ ಭಾಷೆಗಳಲ್ಲಿದೆ. ‘ಮೆಲುದನಿ’ಗೆ ಮರಾಠಿಯಲ್ಲಿ ‘ಹಳುವಾರ ಆವಾಜ’ ಎಂದು ಬರೆದಿದ್ದೇನೆ, ಇದಕ್ಕಿಂತ ಒಳ್ಳೆಯ ಪದ ಹೊಳೆದವರು ಹೇಳಬೇಕು. ವಿದ್ಯಾರ್ಥಿನಿ ಮತ್ತು ಅವಳ ತಾಯಿ ಸಹಿ ಮಾಡಿದ್ದಾರೆ, ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ. ಪತ್ರ ವಿಭಾಗದ ಮೇಜಿನ ಮೇಲಿದೆ. ಮೊದಲು ಎರಡೂ ಮುದ್ರಣಗಳನ್ನು ಒಂದೇ ಎತ್ತರದ ದನಿಯಲ್ಲಿಟ್ಟು ಕೇಳಿರಿ. ಒಪ್ಪಿಗೆಯಾದರೆ ಶನಿವಾರದೊಳಗೆ ಸಹಿ ಹಾಕಿರಿ.