ಜಾತ್ರೆಯ ಬಿಡಾರ: ಕಮಾನು ಗಾಡಿಯಿಂದ ಟ್ರೈಲರಿಗೆ

ಕಪಿಲೆಯ ದಡದ ಊರುಗಳಲ್ಲಿ ಜಾತ್ರೆಗೆ ಹೊರಡುವುದೆಂದರೆ ಹಿಂದೆ ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಹೊರಡುವುದಾಗಿತ್ತು. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, ಸುತ್ತೂರಿನ ಆದಿಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳವರ ಜಾತ್ರೆ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಮಲ್ಲಿಕಾರ್ಜುನನ ತೇರು, ಇವು ದೂರದ ಒಕ್ಕಲಿಗೆ ಒಂದೇ ಹಗಲಿನಲ್ಲಿ ಹೋಗಿ ಬರುವ ಯಾತ್ರೆಗಳಾಗಿರಲಿಲ್ಲ. ಹೊಲಕ್ಕೆ ಗೊಬ್ಬರ ಹೊತ್ತ ಗಾಡಿಯನ್ನೇ ತೊಳೆದು, ಬಿದಿರ ದಬ್ಬೆಗಳನ್ನು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹರಡಿ ಕಂಬಳಿ ಹಾಸಿದರೆ ಅದೇ ವಾಹನ, ಅದೇ ವಸತಿ. ಎತ್ತುಗಳನ್ನು ಬಿಚ್ಚಿ, ಮೂಕಿಗೆ ಕವೆಗೋಲಿನ ಆಸರೆ ಕೊಟ್ಟು ನಿಲ್ಲಿಸಿದ ಮೇಲೆ ಹೆಂಗಸರು ಮಕ್ಕಳು ಗಾಡಿಯೊಳಗೆ, ಗಂಡಸರು ಗಾಡಿಯ ಕೆಳಗೆ. ಮಗ್ಗುಲಲ್ಲಿ ಮೂರು ಕಲ್ಲಿನ ಒಲೆ.

ಈ ಬಿಡಾರವನ್ನು ಯಾರೂ ಅಂಗಡಿಯಿಂದ ಕೊಂಡು ತರುತ್ತಿರಲಿಲ್ಲ. ಗಾಲಿ ಮಾತ್ರ ಬಡಗಿಯ ಮತ್ತು ಕಮ್ಮಾರನ ಕೈಕೆಲಸ. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ನೀರು ಸುರಿದು ಕುಗ್ಗಿಸಿ ಬಿಗಿಗೊಳಿಸುವ ವಿದ್ಯೆ ಅವರದು. ಉಳಿದುದೆಲ್ಲ ಮನೆಯವರ ಪಾಲಿನದು. ತಂದೆ ಕಮಾನು ಕಟ್ಟಿದರೆ ಮಗ ಹಗ್ಗ ಬಿಗಿಯುವನು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಸಿದ್ಧಪಡಿಸುವವನು ಅಜ್ಜ. ಚಾಪೆಯ ಹರುಕು ಹೊಲಿಯುವವಳು ಅತ್ತೆ, ಬುತ್ತಿ ಕಟ್ಟುವವಳು ಸೊಸೆ. ಹೊರಡುವ ಮುನ್ನ ಕಡೆಗೀಲನ್ನು ಮುಟ್ಟಿ ನೋಡದ ಯಜಮಾನನಿರಲಿಲ್ಲ. ಒಡಲನ್ನು ಬಂಡಿಗೂ ಶರಣರ ನುಡಿಯನ್ನು ಅದರ ಕಡೆಗೀಲಿಗೂ ಹೋಲಿಸಿದ ಜೇಡರ ದಾಸಿಮಯ್ಯನ ಉಪಮೆ ಈ ಸೀಮೆಯ ರೈತನಿಗೆ ವ್ಯಾಖ್ಯಾನವಿಲ್ಲದೆಯೇ ತಿಳಿಯುತ್ತಿತ್ತು. ಇಂದಿನ ವಿದ್ಯಾರ್ಥಿಗೆ ಕಡೆಗೀಲೆಂದರೆ ಏನೆಂದು ಚಿತ್ರ ಬರೆದು ತೋರಿಸಬೇಕಾಗಿದೆ. ಬಾಚಿ ಕಾಯಕದ ಬಸವಣ್ಣನಿಗೂ ಹಗ್ಗ ಹೊಸೆದ ನುಲಿಯ ಚಂದಯ್ಯನಿಗೂ ಅನುಭವಿಗಳ ನಡುವೆ ಪೀಠವಿತ್ತ 12ನೆಯ ಶತಮಾನದ ಪರಂಪರೆಗೆ ಸೇರಿದ ಶಾಲೆಗಳಲ್ಲಿ ಈ ಸ್ಥಿತಿ ಶೋಭಿಸುವಂಥದಲ್ಲ.

ಹಾಗೆಂದು ಹಳೆಯ ಗಾಡಿಯನ್ನೇ ಹಾಡಿ ಹೊಗಳುವುದೂ ನ್ಯಾಯವಲ್ಲ. ಹಾಗೆ ಹೊಗಳುವವರು ಎತ್ತಿನ ಹೆಗಲ ಹುಣ್ಣನ್ನು ಮರೆತಿರುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಪ್ರಥಮ ನಿರ್ದೇಶಕರಾದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನೇ ಒಂದು ವ್ರತದಂತೆ ಹಿಡಿದು, ಹಗುರವಾದ ಗಾಡಿ, ಸುಲಭವಾಗಿ ಉರುಳುವ ಗಾಲಿ, ಕುತ್ತಿಗೆಯನ್ನು ನೋಯಿಸದ ನೊಗ ಬೇಕೆಂದು ವಾದಿಸಿದರು. ದೊಡ್ಡ ವಿದ್ವಾಂಸರಿಗೆ ಗಾಡಿಯೇಕೆ ಎಂದು ಮೂಗು ಮುರಿದವರು ಆಗಲೂ ಇದ್ದಿರಬೇಕು. ಟೈರಿನ ಗಾಡಿ ಬಂದಿತು. ಅನಂತರ ಟ್ರ್ಯಾಕ್ಟರು, ಅದರ ಹಿಂದೆ ಟ್ರೈಲರು. 1989ರಲ್ಲಿ ಆರಂಭವಾಗಿ 2025ರ ಫೆಬ್ರವರಿಯಲ್ಲಿ ಮತ್ತೆ ಜರುಗಿದ ತಿರುಮಕೂಡಲಿನ ಕುಂಭಮೇಳವು ಈ ಸೀಮೆಯ ಜಾತ್ರೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿದೆ.

ಟ್ರೈಲರನ್ನು ಬಿಡಾರವಾಗಿ ಮಾರ್ಪಡಿಸುವುದರಲ್ಲಿಯೂ ಹಿಂದಿನ ಜಾಣ್ಮೆಗೆ ಎಡೆಯುಂಟು. ಬಿದಿರಿನ ಬದಲು ಕಬ್ಬಿಣದ ಕೊಳವೆಯ ಕಮಾನು, ಚಾಪೆಯ ಬದಲು ಟಾರ್ಪಾಲು. ಹಗಲು ಕಾದು ರಾತ್ರಿ ತಣ್ಣಗಾಗುವ ತಗಡಿನ ತಳಕ್ಕೆ ಹಲಗೆ ಜೋಡಿಸಿ ಮೇಲೆ ಹುಲ್ಲು ಹಾಸಬೇಕು. ವೃದ್ಧರು ಹತ್ತಿಳಿಯಲು ಮೆಟ್ಟಿಲು ಬೇಕು. ನೀರಿನ ಡ್ರಮ್ಮು ಗಾಲಿಗಳ ನೇರಕ್ಕೆ ಕೂರಬೇಕು, ಹಿಂದಕ್ಕೆ ಜಾರಿಸಿದರೆ ಮುಂಭಾಗ ಮೇಲೇಳುತ್ತದೆ. ಎರಡು ಗಾಲಿಯ ಟ್ರೈಲರನ್ನು ಟ್ರ್ಯಾಕ್ಟರಿನಿಂದ ಬಿಚ್ಚಿದ ಮೇಲೆ ಕವೆಗೋಲಿನ ಸ್ಥಾನದಲ್ಲಿ ಗಟ್ಟಿಯಾದ ಕಬ್ಬಿಣದ ಕಾಲನ್ನೇ ಊರಬೇಕು. ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡದೆ ಅದರ ಕೆಳಗೆ ಯಾರೂ ಮಲಗಬಾರದು. ಟಾರ್ಪಾಲಿನ ಕೆಳಗೆ ಒಲೆ ಹೊತ್ತಿಸಲೇಬಾರದು. ಇವೆಲ್ಲವೂ ಮನೆಯವರೇ ಕೂಡಿ ಎರಡು ಮೂರು ಭಾನುವಾರಗಳಲ್ಲಿ ಮಾಡಬಹುದಾದ ಕೆಲಸಗಳು. ಬೆಸುಗೆಗೆ ಮಾತ್ರ ಬಲ್ಲವನನ್ನು ಕರೆಯತಕ್ಕದ್ದು.

ಆದರೆ ಒಂದು ವಿಷಯದಲ್ಲಿ ಗಾಡಿಗೂ ಟ್ರೈಲರಿಗೂ ಸಾಮ್ಯವಿಲ್ಲ. ಗಾಡಿ ಎತ್ತಿನ ನಡಿಗೆಯಲ್ಲಿ ಸಾಗುತ್ತಿತ್ತು. ಬಿದ್ದರೂ ಮೊಣಕಾಲು ತರಚುತ್ತಿತ್ತು. ಟ್ರೈಲರು ಸರಕಿಗಾಗಿ ಆದ ಬಂಡಿ. ರೈತರ ಬಳಿ ಇರುವ ಬಹುಪಾಲು ಟ್ರೈಲರುಗಳಿಗೆ ಸ್ವಂತ ಬ್ರೇಕೂ ಇಲ್ಲ. ಇಳಿಜಾರಿನಲ್ಲಿ ಅದರ ಭಾರವೇ ಟ್ರ್ಯಾಕ್ಟರನ್ನು ತಳ್ಳುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಅದರಲ್ಲಿ ಮದುವೆಗೂ ಜಾತ್ರೆಗೂ ಜನರನ್ನು ತುಂಬಿಕೊಂಡು ಹೋಗುವುದನ್ನು ಕಾನೂನು ಒಪ್ಪುವುದಿಲ್ಲ, ವಿವೇಕವೂ ಒಪ್ಪಬಾರದು. ನಂಜುಂಡನ ಮಹಾರಥವನ್ನು ಎಳೆಯುವವರೆಷ್ಟೇ ಮಂದಿಯಿರಲಿ, ಗಾಲಿಗೆ ಮರದ ತುಂಡು ಕೊಟ್ಟು ತಡೆಯುವವರಿಲ್ಲದೆ ತೇರು ಒಂದಡಿ ಕದಲುವಂತಿಲ್ಲ. ದೇವರ ತೇರಿಗೆ ಇರುವ ಈ ಎಚ್ಚರಿಕೆ ಮಕ್ಕಳು ಕುಳಿತ ಟ್ರೈಲರಿಗೆ ಏಕಿಲ್ಲ?

ಬಡವರಿಗೆ ಬೇರೆ ದಾರಿಯೇನು ಎಂಬ ಆಕ್ಷೇಪಣೆ ನಿರಾಧಾರವಾದುದಲ್ಲ. ನಂಜನಗೂಡಿಗೆ ರೈಲುಂಟು, ತಿರುಮಕೂಡಲು ನರಸೀಪುರಕ್ಕೆ ಇಲ್ಲ. ಜಾತ್ರೆಯ ದಿನಗಳಲ್ಲಿ ಬಸ್ಸಿನ ನೂಕುನುಗ್ಗಲು ಹೇಳತೀರದು. ಆದರೂ ಬಿಡಾರ ಟ್ರೈಲರಿನಲ್ಲಿ, ಜನ ಬಸ್ಸಿನಲ್ಲಿ ಎಂಬ ನಿಯಮವನ್ನು ಒಂದೊಂದು ಊರೂ ತಾನೇ ವಿಧಿಸಿಕೊಳ್ಳುವುದು ಅಸಾಧ್ಯವಲ್ಲ. ಪಾತ್ರೆ, ಅಕ್ಕಿ, ಸೌದೆ, ಹಾಸಿಗೆಗಳು ಮುಂಚಿತವಾಗಿ ಹೋಗಿ ಮೈದಾನದಲ್ಲಿ ನೆಲೆಗೊಳ್ಳಲಿ. ಹಿರಿಯರೂ ಮಕ್ಕಳೂ ಅನಂತರ ಬಂದು ಸೇರಲಿ. ದಾನಿಗಳು ಊಟದ ಪಂಕ್ತಿಗೆ ನೀಡುವ ಉದಾರ ದೇಣಿಗೆಯಲ್ಲಿ ಒಂದು ಪಾಲನ್ನು ಊರಿನಿಂದ ಮೈದಾನಕ್ಕೆ ಬಸ್ಸು ಗೊತ್ತುಮಾಡಲು ಮೀಸಲಿಟ್ಟರೆ ಅದೂ ದಾಸೋಹವೇ.

ಶಾಲೆಗಳ ಪಾತ್ರವೂ ಇಲ್ಲಿ ಸಣ್ಣದಲ್ಲ. ಭಾರಕೇಂದ್ರವನ್ನು ಕರಿಹಲಗೆಯ ಮೇಲೆ ಬೋಧಿಸುವ ವಿಜ್ಞಾನದ ಅಧ್ಯಾಪಕರು ಒಂದು ದಿನ ಮಕ್ಕಳನ್ನು ಅಂಗಳದಲ್ಲಿ ನಿಂತ ಟ್ರೈಲರಿನ ಬಳಿಗೆ ಕರೆತರಬಹುದು. ಕೈಕಸುಬು ಬಲ್ಲ ಹಳೆಯ ವಿದ್ಯಾರ್ಥಿಗಳು ಕೊಂಡಿಯ ಪಿನ್ನು, ಸರಪಳಿ, ಟೈರು, ಹಿಂಬದಿಯ ಕೆಂಪು ಪ್ರತಿಫಲಕ ಇವನ್ನು ಹಳ್ಳಿಹಳ್ಳಿಯಲ್ಲಿ ಪರೀಕ್ಷಿಸಿ ಕೊಡಬಹುದು. ಪುಷ್ಯ ಬಹುಳದಲ್ಲಿ ಸುತ್ತೂರಿನ ಜಾತ್ರೆ ಆರಂಭವಾಗುವುದರಿಂದ ಸಂಕ್ರಾಂತಿಗೆ ಮೊದಲೇ, ಕೊಯ್ಲಿನ ಟ್ರೈಲರುಗಳು ಬಿಡುವಾಗುತ್ತಲೇ, ಈ ಕಾರ್ಯಕ್ಕೆ ತೊಡಗತಕ್ಕದ್ದು.