ಗೆದ್ದ ಕಪ್‌ಗೆ ವಾರಸುದಾರರು ಯಾರು?

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಫುಟ್ಬಾಲ್ ತಂಡ ಮುಂಬಯಿಗೆ ಬಂದು ರೋವರ್ಸ್ ಕಪ್ ಗೆದ್ದಿತು. 1891ರಲ್ಲಿ ಶುರುವಾಗಿ, ವರ್ಷವರ್ಷವೂ ಬ್ರಿಟಿಷ್ ಪಲ್ಟನ್ನುಗಳ ಪಾಲಾಗುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅದೇ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಮೋಹನ್ ಬಾಗಾನ್ 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದ ಕತೆ ಬಂಗಾಳದಲ್ಲಿ ಮನೆಮಾತು. ಬೆಂಗಳೂರಿನ ಈ ತಂಡದ ಹೆಸರನ್ನು ಬೆಂಗಳೂರಿಗರಲ್ಲೇ ಎಷ್ಟು ಮಂದಿ ಬಲ್ಲರು?

ಮೋಹನ್ ಬಾಗಾನ್‌ಗೆ ಸದಸ್ಯರಿದ್ದರು. ಸೋತ ವರ್ಷವೂ ಚಂದಾ ಕಟ್ಟಿ, ಗೆದ್ದ ವರ್ಷದ ಕತೆಯನ್ನು ಮಕ್ಕಳಿಗೆ ಹೇಳಿದರು. ಬೆಂಗಳೂರಿನ ಅಹ್ಮದ್ ಖಾನ್‌ರಂಥ ಅಪ್ರತಿಮ ಆಟಗಾರ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಹೆಸರಾದರು. ಆ ಹೆಸರನ್ನೂ ಜೋಪಾನ ಮಾಡಿದ್ದು ಕಲ್ಕತ್ತೆಯೇ. ಕ್ಲಬ್ಬೊಂದು ಗೆದ್ದ ಕಪ್‌ಗಳಿಗೆ ಬೆಲೆ ಬರುವುದು, ಅವು ತಮ್ಮವೆಂದು ಹೇಳಿಕೊಳ್ಳುವ ಜನ ಉಳಿದಿದ್ದರೆ ಮಾತ್ರ ಎಂದು ನಾನು ನಂಬಿದ್ದೇನೆ.

ಮುಂಬಯಿ ಇದಕ್ಕೆ ನೋವಿನ ಸಾಕ್ಷಿ. 1962ರಲ್ಲಿ ಹುಟ್ಟಿದ ಮಹೀಂದ್ರಾ ತಂಡ, ಮುಂದೆ ಮಹೀಂದ್ರಾ ಯುನೈಟೆಡ್ ಆಗಿ, ಡುರಾಂಡ್ ಕಪ್, ಫೆಡರೇಷನ್ ಕಪ್, ಐಎಫ್‌ಎ ಶೀಲ್ಡ್ ಎಲ್ಲವನ್ನೂ ಗೆದ್ದಿತು. 2005-06ರಲ್ಲಿ ರಾಷ್ಟ್ರೀಯ ಲೀಗ್ ಕೂಡ ಅದರದಾಯಿತು. 2010ರಲ್ಲಿ ಕಂಪನಿ ತಂಡವನ್ನೇ ಮುಚ್ಚಿತು. ಶಾಲಾಮಕ್ಕಳ ಫುಟ್ಬಾಲಿಗೆ ಒತ್ತು ಕೊಡುತ್ತೇವೆ ಎಂದಿತು, ಒಳ್ಳೆಯ ಉದ್ದೇಶವೇ. ಆದರೆ ಕೂಪರೇಜ್ ಮೈದಾನದಲ್ಲಿ ಕೂತು ಕೂಗಿದ್ದ ಜನರನ್ನು ಕೇಳಬೇಕೆಂಬ ನಿಯಮವೇ ಇರಲಿಲ್ಲ. ಅಷ್ಟರಲ್ಲಾಗಲೇ ರೋವರ್ಸ್ ಕಪ್ ಕೂಡ ನಿಂತುಹೋಗಿತ್ತು.

ಹಣವಿಲ್ಲದೆ ಕಪ್ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮ್ಯಾಂಚೆಸ್ಟರ್ ಸಿಟಿ 1976ರಲ್ಲಿ ಲೀಗ್ ಕಪ್ ಗೆದ್ದ ಮೇಲೆ ಮುಂದಿನ ದೊಡ್ಡ ಕಪ್ ಕಂಡದ್ದು 2011ರಲ್ಲಿ, ಅಬುಧಾಬಿಯ ಹಣ ಬಂದ ನಂತರ. 2023ರಲ್ಲಿ ಒಂದೇ ಋತುವಿನಲ್ಲಿ ಮೂರು ಪ್ರಮುಖ ಕಪ್‌ಗಳೂ ಬಂದವು. ಆದರೂ ನನಗೆ ಹೆಚ್ಚು ಮುಖ್ಯವೆನಿಸುವುದು 1998-99. ಆ ವರ್ಷ ಸಿಟಿ ಮೂರನೇ ದರ್ಜೆಗೆ ಕುಸಿದಿತ್ತು, ಆಗಲೂ ಸಾವಿರಾರು ಜನ ಮೈದಾನಕ್ಕೆ ಬರುತ್ತಲೇ ಇದ್ದರು. ಅವರು ಕಾದುಕೊಂಡ ಕ್ಲಬ್ಬನ್ನೇ ಹಣವಂತರು ಕೊಂಡದ್ದು.

ಮ್ಯಾಂಚೆಸ್ಟರ್ ಸಿಟಿಯ ಒಡೆತನದ ಅದೇ ಸಿಟಿ ಸಮೂಹ 2019ರ ನವೆಂಬರ್‌ನಲ್ಲಿ ಮುಂಬೈ ಸಿಟಿ ಎಫ್‌ಸಿಯ ಶೇ. 65 ಪಾಲು ಖರೀದಿಸಿತು. 2014ರಲ್ಲಷ್ಟೇ ಹುಟ್ಟಿದ ಕ್ಲಬ್ 2020-21ರಲ್ಲಿ ಐಎಸ್‌ಎಲ್‌ನ ಲೀಗ್ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. ಫೈನಲ್‌ನ ಕೊನೆಗಳಿಗೆಯಲ್ಲಿ ಬಿಪಿನ್ ಸಿಂಗ್ ಗೋಲು ಹೊಡೆದಾಗ ಕೋವಿಡ್‌ನಿಂದಾಗಿ ಗೋವಾದ ಆ ಮೈದಾನ ಖಾಲಿಯಿತ್ತು. 2023ರಲ್ಲಿ ಮತ್ತೆ ಶೀಲ್ಡ್, 2024ರ ಮೇ ತಿಂಗಳಲ್ಲಿ ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ನಡೆದ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ 3-1ರ ಗೆಲುವು. ಹತ್ತು ವರ್ಷದ ಕ್ಲಬ್ಬಿಗೆ ಇದು ಅಸಾಧಾರಣ ಸಾಧನೆ, ಅದನ್ನು ಕೀಳುಗಳೆಯುವವರ ಜೊತೆ ನಾನಿಲ್ಲ. ಆದರೆ ಒಡೆಯರು ಯಾರೇ ಇರಲಿ, ನಾಳೆ ಕ್ಲಬ್ಬನ್ನು ಕೈಬಿಟ್ಟರೆ ಈ ಕಪ್‌ಗಳು ಏನಾಗುತ್ತವೆ? ಅಂಧೇರಿಯ ಮೈದಾನಕ್ಕೆ ಮೀರಾ ರೋಡಿನಿಂದ, ಕಲ್ಯಾಣದಿಂದ ಲೋಕಲ್ ಹಿಡಿದು ಬರುವ ಹುಡುಗರಿಗೆ ಅವುಗಳ ಮೇಲೆ ಯಾವ ಹಕ್ಕಿದೆ?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಒಮ್ಮೆ ಉತ್ತರ ಸಿಕ್ಕಿದೆ. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿದ್ದ ವಿಂಬಲ್ಡನ್ ಕ್ಲಬ್ಬನ್ನು ಮಾಲೀಕರು 2003ರಲ್ಲಿ ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಸಾಗಿಸಿದರು. ಅದಕ್ಕೆ ಅನುಮತಿ ಸಿಕ್ಕ 2002ರಲ್ಲೇ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ ಕಟ್ಟಿ, ಕೆಳದರ್ಜೆಯಿಂದ ಆಟ ಶುರುಮಾಡಿದ್ದರು. ಹಳೆಯ ಗೆಲುವುಗಳೂ ತಮ್ಮವೇ ಎಂದು ಪಟ್ಟುಹಿಡಿದರು. ಕೊನೆಗೆ 2007ರಲ್ಲಿ ಮಿಲ್ಟನ್ ಕೀನ್ಸ್ ಕ್ಲಬ್ ಆ ಇತಿಹಾಸದ ಮೇಲಿನ ಹಕ್ಕು ಬಿಟ್ಟುಕೊಟ್ಟು, ಸ್ಮರಣಿಕೆಗಳನ್ನು ವಿಂಬಲ್ಡನ್ ಇರುವ ಮರ್ಟನ್ ಪ್ರದೇಶದ ಸ್ಥಳೀಯ ಆಡಳಿತಕ್ಕೆ ಒಪ್ಪಿಸಿತು.

ಮುಂಬಯಿಯೂ ಇದನ್ನು ಮಾಡಬಹುದು. ಕ್ಲಬ್ ಮುಚ್ಚಿದರೆ ಅಥವಾ ಊರು ಬಿಟ್ಟರೆ ಅದರ ಕಪ್‌ಗಳು, ದಾಖಲೆಗಳು ನಗರದ ಫುಟ್ಬಾಲ್ ಸಂಸ್ಥೆಗೆ ಸೇರಬೇಕೆಂದು ಪರವಾನಗಿಯಲ್ಲೇ ಬರೆಯಲಿ. ಮಾಲೀಕರು ಎಷ್ಟೇ ದೊಡ್ಡವರಿರಲಿ, ಒಂದು ಸಣ್ಣ ಪಾಲನ್ನಾದರೂ ಅಭಿಮಾನಿಗಳಿಗೆ ಬಿಡಲಿ, ಹೆಸರು, ಬಣ್ಣ, ಮೈದಾನ ಬದಲಿಸುವಾಗ ಅವರ ಮತವನ್ನೂ ಕೇಳಲಿ. ಬೆಂಗಳೂರಿನ ಪಾಲಿಗೆ ಬರುವ ಕೆಲಸ ಇದಕ್ಕಿಂತ ಸುಲಭ: 1937, 1938, 1948ರ ಆಟಗಾರರ ಹೆಸರುಗಳನ್ನು ಕಲೆಹಾಕಿ, ಅಲ್ಲಿನ ಫುಟ್ಬಾಲ್ ಕ್ರೀಡಾಂಗಣದ ಗೋಡೆಯ ಮೇಲೆ ಬರೆಸುವುದು.