ಮಣ್ಣಿಲ್ಲದ ಬೇಸಾಯ: ಮೊದಲು ಗಿರಾಕಿ, ಅನಂತರ ಸಲಕರಣೆ

ಕರಾವಳಿಯ ನಮ್ಮ ಅನೇಕ ಕಥೋಲಿಕ ಕುಟುಂಬಗಳಲ್ಲಿ ಹಿರಿಯರ ಭೂಮಿ ಪಾಲಾಗುತ್ತಾ ಬಂದು ಈಗ ಹತ್ತು ಹದಿನೈದು ಸೆಂಟ್ಸಿನ ಹಿತ್ತಿಲಿಗೆ ನಿಂತಿದೆ. ಗದ್ದೆಗೆ ಆಳುಗಳಿಲ್ಲ, ಮಕ್ಕಳು ಪರವೂರಿನಲ್ಲಿದ್ದಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಮರಳಿದವರು ಉಳಿತಾಯದ ಹಣವನ್ನು ಎಲ್ಲಿ ತೊಡಗಿಸುವುದೆಂದು ಯೋಚಿಸುವಾಗ ‘ಹೈಡ್ರೋಪೋನಿಕ್ಸ್’ ಎಂಬ ಹೆಸರು ಅವರ ಕಿವಿಗೆ ಬೀಳುತ್ತದೆ. ಈ ಬೇಸಾಯ ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಆದರೆ ಸಲಕರಣೆ ಕೊಳ್ಳುವ ಮುನ್ನ ಗಿರಾಕಿಯನ್ನು ಹುಡುಕಬೇಕು, ಆ ಹುಡುಕಾಟದಲ್ಲಿ ಧರ್ಮಕೇಂದ್ರವೂ ಕೈಜೋಡಿಸಬೇಕು ಎಂಬುದು ನಮ್ಮ ನಮ್ರ ಅಭಿಪ್ರಾಯ.

ಸಸ್ಯಕ್ಕೆ ಬೇಕಾದ ಲವಣಗಳನ್ನು ನೀರಿನಲ್ಲಿ ಕರಗಿಸಿ, ಆ ದ್ರಾವಣದಲ್ಲಿ ಬೇರನ್ನು ಬೆಳೆಸುವುದೇ ಈ ಪದ್ಧತಿ. 1937ರಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ನಮ್ಮ ದೇಶಕ್ಕೂ ಇದು ಹೊಸತಲ್ಲ. 1940ರ ದಶಕದಲ್ಲಿಯೇ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಾಸ್ ಎಂಬವರು ಸಾಮಾನ್ಯ ಗೃಹಸ್ಥನಿಗೂ ಎಟಕುವಂತಹ ಸರಳ, ಅಗ್ಗದ ವಿಧಾನಕ್ಕಾಗಿ ಪ್ರಯೋಗ ನಡೆಸಿದರು. ಇಂದು ಲಕ್ಷಾಂತರ ರೂಪಾಯಿಯ ಸಿದ್ಧ ಘಟಕಗಳನ್ನು ಮಾರಲು ಬರುವವರು ಈ ಸರಳತೆಯ ಮಾತನ್ನು ಆಡುವುದು ಅಪರೂಪ.

ನಮ್ಮ ಹವೆಯನ್ನೂ ಗಮನಿಸಬೇಕು. ಕೊಳವೆಗಳಲ್ಲಿ ತೆಳುವಾಗಿ ನೀರು ಹರಿಸುವ ವ್ಯವಸ್ಥೆಯಲ್ಲಿ ವಿದ್ಯುತ್ ಕಡಿತವಾಗಿ ಪಂಪು ನಿಂತರೆ, ಬೇಸಿಗೆಯ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಬೇರು ಒಣಗುತ್ತದೆ. ದೊಡ್ಡ ಹೋಟೆಲುಗಳು ಕೇಳುವ ಲೆಟ್ಯೂಸ್ ಸೊಪ್ಪು ತಂಪು ಹವೆಯ ಬೆಳೆ. ಸೆಕೆಗೆ ಅದು ಬೇಗನೆ ಹೂಕಾಂಡ ಬಿಟ್ಟು ಕಹಿಯಾಗುತ್ತದೆ. ಆದ್ದರಿಂದ ನೆರೆಮನೆಯವರು ಉಣ್ಣುವ ಹರಿವೆ, ಬಸಳೆಗಳಿಂದ ಆರಂಭಿಸುವುದು ಜಾಣತನ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರು ರೂಪಿಸಿದ ವಿಧಾನದಲ್ಲಿ ಪಂಪು ಬೇಡ, ವಿದ್ಯುತ್ತೂ ಬೇಡ. ಮುಚ್ಚಳವಿರುವ ಡಬ್ಬಿಯಲ್ಲಿ ದ್ರಾವಣ ತಗ್ಗಿದಂತೆ ಮೇಲಿನ ಬೇರುಗಳಿಗೆ ಗಾಳಿ ದೊರೆಯುತ್ತದೆ. ದ್ರಾವಣದ ಆಮ್ಲೀಯತೆಯನ್ನು ಅಳೆದು, 5.5ರಿಂದ 6.5ರ ಪಿಎಚ್ ಒಳಗೆ ಇರಿಸಿದರೆ ಸಾಕು. ಮುಚ್ಚಳ ಮಾತ್ರ ಬಿಗಿಯಾಗಿರಲಿ. ಬೆಳಕು ಹೊಕ್ಕರೆ ಪಾಚಿ, ತೆರೆದಿಟ್ಟರೆ ಸೊಳ್ಳೆ. ಮಲೇರಿಯಾ, ಡೆಂಗ್ಯೂ ಕಂಡ ಊರಿನವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಬೆಳೆಯುವುದನ್ನು ಒಂದು ಮಳೆಗಾಲದೊಳಗೆ ಕಲಿಯಬಹುದು. ಮಾರುವುದು ಅಷ್ಟು ಸುಲಭವಲ್ಲ. ಬೆಳಿಗ್ಗೆ ಕೊಯ್ದ ಸೊಪ್ಪು ಸಂಜೆಗೆ ಬಾಡುತ್ತದೆ. ಅದು ತಿಳಿದಿರುವ ದಲ್ಲಾಳಿ ಹೇಳಿದ್ದೇ ದರ. ಈ ಅವಲಂಬನೆಯನ್ನು ತಪ್ಪಿಸಲೆಂದೇ ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’, ಆಂಧ್ರದಲ್ಲಿ 1999ರ ಜನವರಿಯಲ್ಲಿ ‘ರೈತು ಬಜಾರ್’, ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನಲ್ಲಿ ‘ಉಳವರ್ ಸಂದೈ’ ಆರಂಭವಾದವು. ಬೆಳೆದವನೇ ತಿನ್ನುವವನಿಗೆ ಮಾರುವ ವ್ಯವಸ್ಥೆಯಿದು. ನಮ್ಮ ಕಣ್ಣೆದುರಿನ ಪಾಠವೆಂದರೆ ಶಂಕರಪುರದ ಮಲ್ಲಿಗೆ. ಅಂಗಳದಷ್ಟು ಜಾಗದಲ್ಲಿ, ಬಹುತೇಕ ಮನೆಯ ಹೆಂಗಸರ ಕೈಯಿಂದಲೇ ಬೆಳೆದ ಆ ಹೂವು ಎಷ್ಟೋ ಮಕ್ಕಳ ಶಾಲೆಯ ಶುಲ್ಕ ಕಟ್ಟಿದೆ. ದಿನದಿನದ ದರ ಎಲ್ಲರಿಗೂ ತಿಳಿಯುತ್ತದೆ, ಹೂವು ಕಟ್ಟುವ ಮನೆಗೂ ಮಾರುಕಟ್ಟೆಗೂ ನಡುವೆ ದಾರಿಯೊಂದು ಆಗಲೇ ಬಿದ್ದಿದೆ. ಸೊಪ್ಪಿಗೂ ಅಂತಹ ದಾರಿ ಬೇಕು.

ಮಾರುವಾಗ ಸತ್ಯವನ್ನು ಬಿಡಬಾರದು. ಈ ಸೊಪ್ಪು ಶುಚಿಯಾಗಿರಬಹುದು, ಕೀಟನಾಶಕವಿಲ್ಲದೆ ಬೆಳೆದಿರಬಹುದು. ಆದರೆ ಕ್ಯಾಲ್ಸಿಯಂ ನೈಟ್ರೇಟಿನಂತಹ ಲವಣಗಳಿಂದ ಬೆಳೆದುದನ್ನು ‘ಸಾವಯವ’ ಎಂಬ ಫಲಕ ಹಾಕಿ ಮಾರುವುದು ಸರಿಯಲ್ಲ. ಯುರೋಪಿನ ಒಕ್ಕೂಟವೂ ಮಣ್ಣಿನಲ್ಲಿ ಬೆಳೆಯದ ತರಕಾರಿಗೆ ಆ ಹೆಸರನ್ನು ಕೊಡುವುದಿಲ್ಲ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಎಚ್ಚರಿಸುತ್ತದೆ. ಸುಳ್ಳು ಫಲಕವೂ ಅಂತಹ ಎರಡನೆಯ ಕಲ್ಲೇ.

ಇನ್ನು ಧರ್ಮಕೇಂದ್ರದ ಪಾತ್ರ. ಜಗದ್ಗುರು ಸಂತ 23ನೇ ಜಾನ್ ಅವರು 1961ರ ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ ಕೃಷಿಕರು ಒಬ್ಬೊಬ್ಬರಾಗಿ ಉಳಿಯದೆ ಸಹಕಾರದಲ್ಲಿ ಒಗ್ಗೂಡಬೇಕೆಂದು ಬೋಧಿಸಿದರು. ಜಗದ್ಗುರು ಫ್ರಾನ್ಸಿಸ್ ಅವರ 2015ರ ‘ಲೌದಾತೊ ಸಿ’ ಸಣ್ಣ ಹಿಡುವಳಿಯ ಆಹಾರೋತ್ಪಾದನೆಯನ್ನು ಎತ್ತಿಹಿಡಿಯಿತು. ಇವನ್ನು ಅಧ್ಯಯನ ಕೂಟಗಳಲ್ಲಿ ಓದಿದರಷ್ಟೇ ಸಾಲದು. ದೇವಾಲಯದ ಆವರಣದಲ್ಲಿ ವಾರಕ್ಕೆ ಎರಡು ಗಂಟೆ ನಾಲ್ಕು ಮೇಜುಗಳಿಗೆ ಜಾಗ ಕೊಡಬಾರದೇಕೆ? ಕರ್ತರ ದಿನದಂದು ವ್ಯಾಪಾರ ಸಲ್ಲದೆನ್ನುವ ಹಿರಿಯರ ಆಕ್ಷೇಪ ಗೌರವಕ್ಕೆ ಅರ್ಹವಾದುದು. ಹಾಗಾದರೆ ಶನಿವಾರ ಸಂಜೆ ಇರಲಿ. ಜಾಗಕ್ಕೆ ಬಾಡಿಗೆ ಬೇಡ, ಜಾತಿ ಮತದ ಭೇದವೂ ಬೇಡ. ಮಣ್ಣಿನಲ್ಲಿ ಬೆಳೆದ ನೆರೆಯ ರೈತನ ತೊಂಡೆ, ಅಲಸಂಡೆಯೂ ಅದೇ ಮೇಜಿನ ಮೇಲೆ ಬರಲಿ.

ಹೊಸಬರಿಗೆ ನಮ್ಮ ಸಲಹೆಯಿಷ್ಟೆ. ಸಾಲ ಮಾಡಬೇಡಿ, ಹತ್ತು ಡಬ್ಬಿಗಳಿಂದ ತೊಡಗಿರಿ, ಖರ್ಚು ಬರೆದಿಡಿ. ವಾರ ತಪ್ಪದೆ ಕೊಳ್ಳುವ ಹತ್ತು ಮನೆಗಳು ದೊರೆತ ಮೇಲೆಯೇ ಹನ್ನೊಂದನೆಯ ಡಬ್ಬಿಯ ಮಾತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮ ಪ್ರತಿ ಮನೆಯಲ್ಲೂ ತರಕಾರಿಯ ಊಟವಾಗುತ್ತದೆ, ಆ ವಾರ ಪೇಟೆಯಲ್ಲಿ ಬೆಲೆ ಏರುತ್ತದೆ. ಹರಿವೆಯ ಬೀಜವನ್ನು ಆಗಸ್ಟ್ ಮೊದಲ ವಾರದಲ್ಲಿ ಹಾಕಿದರೆ ಹಬ್ಬದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಮೊದಲ ಸಂತೆಗೆ ಇದಕ್ಕಿಂತ ಒಳ್ಳೆಯ ದಿನ ಬೇರೊಂದಿಲ್ಲ.